ನಿನ್ನೆ ಎಷ್ಟು ಸೆಂಟು?

ಮಳೆಗಾಲದಲ್ಲಿ ಸಕಲೇಶಪುರ ಸೀಮೆಯ ಕಾಫಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬೆಳಗಾಗುವುದೇ ಅಂಕಿಗಳಿಂದ. ಗಂಟೆ ಏಳೂವರೆ ದಾಟಿತೆಂದರೆ ಒಂದೊಂದಾಗಿ ಬೀಳತೊಡಗುತ್ತವೆ: ಹಾನುಬಾಳು 2.35, ಹೆತ್ತೂರು 3.10, ಬೆಳಗೋಡು 90 ಸೆಂಟು. ಯಸಳೂರು ಕಡೆಯವರು ಎಂಟೂವರೆಯಾದರೂ ಏನೂ ಹಾಕಲಿಲ್ಲವೆಂದರೆ ಅಲ್ಲಿ ಮಳೆ ಬಂದಿಲ್ಲವೆಂದು ಯಾರೂ ತಿಳಿಯುವುದಿಲ್ಲ. ಜೋರಾಗಿಯೇ ಬಂದಿದೆ, ಕರೆಂಟು ಹೋಗಿದೆ, ಟವರ್ ಮಲಗಿದೆ ಎಂದು ತಿಳಿಯುತ್ತಾರೆ.

ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ದಶಕಗಳು ಉರುಳಿವೆ. ತೋಟದವರು ಇಂಚು, ಸೆಂಟುಗಳನ್ನು ಬಿಟ್ಟುಕೊಟ್ಟಿಲ್ಲ. ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ನೂರು ಸೆಂಟು ಸೇರಿದರೆ 25.4 ಮಿ.ಮೀ. ಬ್ರಿಟಿಷ್ ಪ್ಲಾಂಟರುಗಳು ಬಿಟ್ಟುಹೋದ ಈ ಲೆಕ್ಕ ಸ್ಮಾರ್ಟ್‌ಫೋನಿನ ಒಳಕ್ಕೂ ಹಾಗೇ ನಡೆದುಬಂದಿದೆ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಮರದ ಹನಿ ತಾಗದ ಜಾಗ ನೋಡಿ, ಮಳೆಮಾಪಕ ನಿಲ್ಲಿಸಿರುತ್ತಾರೆ. ಮೇಲೊಂದು ಆಲಿಕೆ, ಕೆಳಗೊಂದು ಡಬ್ಬಿ. ಬೆಳಿಗ್ಗೆ ಕೊಡೆ ಹಿಡಿದು ಹೋಗುವ ಎಸ್ಟೇಟಿನ ರೈಟರು ಡಬ್ಬಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಓದುತ್ತಾರೆ. ದೊಡ್ಡ ಮಳೆಯ ದಿನ ಲೋಟ ಮತ್ತೆ ಮತ್ತೆ ತುಂಬುತ್ತದೆ, ಎಣಿಕೆ ತಪ್ಪಬಾರದು. ಆಮೇಲೆ ಪುಸ್ತಕಕ್ಕೆ ಬರೆಯುವುದು. ಅಜ್ಜನ ಕಾಲದ ಮಳೆ ಪುಸ್ತಕಗಳನ್ನು ಬೀರುವಿನಲ್ಲಿಟ್ಟುಕೊಂಡ ಮನೆಗಳು ಈ ಕಡೆ ಬೇಕಾದಷ್ಟಿವೆ. ಆರಿದ್ರಾ ಎಷ್ಟು ಸುರಿಯಿತು, ಪುಷ್ಯ ಎಷ್ಟು, ಆಶ್ಲೇಷ ಕೈಕೊಟ್ಟಿತೇ ಎಂದು ನಕ್ಷತ್ರವಾರು ಕೂಡಿಸಿಟ್ಟವರೂ ಇದ್ದಾರೆ. ವಾಟ್ಸ್‌ಆ್ಯಪ್ ಮಾಡಿದ್ದಿಷ್ಟೆ: ಬೀರುವಿನಲ್ಲಿ ಮುಚ್ಚಿಕೊಂಡಿದ್ದ ಲೆಕ್ಕವನ್ನು ಊರ ಮುಂದೆ ತಂದಿತು. ಪಕ್ಕದ ತೋಟಕ್ಕಿಂತ ಹತ್ತು ಸೆಂಟು ಜಾಸ್ತಿ ಬಂದದ್ದಕ್ಕೂ ಒಂದು ಸಣ್ಣ ಜಂಬ, ಎರಡು ನಗುಮುಖದ ಚಿತ್ರ, ‘ನಿಮ್ಮ ಮಾಪಕ ಮರದ ಕೆಳಗಿದೆಯೇನ್ರೀ’ ಎಂಬೊಂದು ಚುಚ್ಚು, ಎಲ್ಲ ನಡೆಯುತ್ತದೆ.

ಈ ಹುಚ್ಚಿಗೆ ಕಾರಣವಿದೆ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಬೀಳುವ ಹೂಮಳೆಯ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಒಂದಿಂಚಿನ ಹತ್ತಿರ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಇಪ್ಪತ್ತು ಮೂವತ್ತು ಸೆಂಟು ಬಿದ್ದು ನಿಂತುಬಿಟ್ಟರೆ ರೋಬಸ್ಟಾ ಬೆಳೆಗಾರರಿಗೆ ನಿದ್ದೆ ಬರುವುದಿಲ್ಲ. ಕೆರೆಗೆ ಮೋಟಾರು ಇಳಿಸಿ, ಪೈಪು ಎಳೆದು, ಸ್ಪ್ರಿಂಕ್ಲರಿನಲ್ಲಿ ಉಳಿದ ಮಳೆಯನ್ನು ತಾವೇ ಸುರಿಸಬೇಕು. ಹೂವಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಮಳೆ ಎನ್ನುತ್ತಾರೆ. ನಾಳೆ ಸಂಜೆ ಮಳೆ ಬರುತ್ತದಾ ಎಂಬ ಪ್ರಶ್ನೆಗೆ ಇಲ್ಲಿ ಡೀಸೆಲ್ಲಿನ ರೇಟಿನಲ್ಲಿ ಬೆಲೆ ಕಟ್ಟಬಹುದು.

ಹಾಗಾಗಿ ಹವಾಮಾನದ ಆ್ಯಪು ಇಲ್ಲದ ಫೋನು ಈ ಕಡೆ ಸಿಗುವುದು ಕಷ್ಟ. ವಿಂಡಿ ತೆರೆದು ಬಣ್ಣದ ಮೋಡಗಳನ್ನು ಬೆರಳಲ್ಲಿ ಮುಂದಕ್ಕೆ ತಳ್ಳಿ ನೋಡುವವರು, ‘ಯುರೋಪಿಯನ್ ಮಾಡೆಲ್ ಹೀಗೆ ಹೇಳ್ತಿದೆ, ಅಮೆರಿಕದ್ದು ಬೇರೆ ಹೇಳ್ತಿದೆ’ ಎಂದು ಸಂತೆಯಲ್ಲಿ ಮೆಣಸಿನ ರೇಟು ಮಾತಾಡುವ ಧಾಟಿಯಲ್ಲೇ ಮಾತಾಡುತ್ತಾರೆ. ತೊಂದರೆ ಇರುವುದು ಗುಡ್ಡದಲ್ಲಿ. ಯುರೋಪಿನ ಕೇಂದ್ರದ ಮಾದರಿ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಕತ್ತರಿಸಿಕೊಂಡು ಲೆಕ್ಕ ಹಾಕುತ್ತದೆ. ಅಮೆರಿಕದ್ದು 13 ಕಿ.ಮೀ. ಒಂಬತ್ತು ಕಿಲೋಮೀಟರಿನಲ್ಲಿ ಇಲ್ಲಿ ನಾಲ್ಕು ಗುಡ್ಡ, ಮೂರು ಕಣಿವೆ, ಒಂದು ಹೊಳೆ ಹಾದುಹೋಗುತ್ತವೆ. ಬಿಸಿಲೆಯ ಅಂಚಿನಲ್ಲಿ ಕೊಡೆ ಮುಚ್ಚುವ ಪುರುಸೊತ್ತಿಲ್ಲದೆ ಹೊಯ್ಯುತ್ತಿರುವಾಗ ಆಲೂರಿನ ಪೂರ್ವಕ್ಕೆ ಮುಸುಕಿನ ಜೋಳದ ಹೊಲ ಒಣಗಿ ನಿಂತಿರುವುದುಂಟು. ಆಕಾಶದಿಂದ ನೋಡುವ ಲೆಕ್ಕಕ್ಕೆ ಇದೆಲ್ಲ ಒಂದೇ ಹಸಿರು.

ಸರ್ಕಾರದ ಲೆಕ್ಕ ಇನ್ನೂ ಹತ್ತಿರದ್ದು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸೌರಶಕ್ತಿಯ ಮಳೆಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿ ಊರಿನ ಹೆಸರು ಹೇಳಿದರೆ ಮುನ್ಸೂಚನೆ ಹೇಳುತ್ತಾರೆ. ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕೊಡುವಾಗ ನೋಡುವುದೂ ಇಂಥ ಮಾಪಕಗಳನ್ನೇ. ಅಲ್ಲಿಗೆ ಮಳೆಯ ಲೆಕ್ಕ ಜಂಬದ ಮಾತಾಗಿ ಉಳಿಯುವುದಿಲ್ಲ. ಪಂಚಾಯಿತಿ ಕಟ್ಟಡದ ತಾರಸಿಯ ಮೇಲೆ ಬಿದ್ದದ್ದು ಒಂದಾದರೆ ಮೂರು ಕಿಲೋಮೀಟರು ಆಚೆಯ ತೋಟದ ಪುಸ್ತಕದಲ್ಲಿ ಇನ್ನೊಂದಿರುತ್ತದೆ, ಮತ್ತು ವಿಮಾ ಕಂಪನಿ ಅಜ್ಜನ ಪುಸ್ತಕವನ್ನು ಒಪ್ಪುವುದಿಲ್ಲ.

ಮಳೆಯ ಗುಂಪಿನ ಪಕ್ಕದಲ್ಲೇ ಇನ್ನೊಂದು ಗುಂಪು ಇರುತ್ತದೆ. ಅದರ ಸದ್ದು ಕೇಳಿದರೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ನೋಡುತ್ತಾರೆ. ಅದು ಆನೆಯ ಗುಂಪು.

ಆಲೂರು, ಸಕಲೇಶಪುರದ ಆನೆಗಳ ಕಥೆಗೆ ದೊಡ್ಡ ಕಡತವೇ ಇದೆ. ಹೈಕೋರ್ಟಿನ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ, 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಊರು ನಿಟ್ಟುಸಿರು ಬಿಟ್ಟಿತು. ಕೆಲವೇ ವರ್ಷಕ್ಕೆ ಬೇರೆ ಆನೆಗಳು ಅದೇ ಕಾಫಿ ತೋಟ, ಅದೇ ಅಕೇಶಿಯಾ ತೋಪು, ಅದೇ ಭತ್ತದ ಗದ್ದೆಗೆ ಬಂದವು. ಹಗಲು ಕಾಫಿ ಗಿಡಗಳ ನೆರಳಲ್ಲಿ ನಿಂತು ರಾತ್ರಿ ಮೇಯಲು ಹೊರಡುವ ಆನೆ ಐವತ್ತು ಅಡಿ ದೂರದಲ್ಲಿದ್ದರೂ ಕಾಣಿಸುವುದಿಲ್ಲ. ಇಲ್ಲಿನ ಸಾವುಗಳಲ್ಲಿ ಬಹಳಷ್ಟು ಹೀಗೇ ಆಗುತ್ತವೆ: ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವಾಗ, ಮುಸ್ಸಂಜೆ ಹಾಲು ಕೊಟ್ಟು ಬರುವಾಗ, ಎದುರಿಗೆ ಸಿಕ್ಕೇಬಿಡುತ್ತದೆ.

ಆದ್ದರಿಂದ ಬೇಲಿ, ಕಂದಕಗಳಿಗಿಂತ ‘ಈಗ ಎಲ್ಲಿದೆ’ ಎಂಬ ಸುದ್ದಿಗೆ ಬೆಲೆ ಜಾಸ್ತಿ. ಈ ಮಾತನ್ನು ಮೊದಲು ಸರಿಯಾಗಿ ಹಿಡಿದದ್ದು ತಮಿಳುನಾಡಿನ ವಾಲ್ಪಾರೈಯಲ್ಲಿ, ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು. ಟೀ ತೋಟಗಳ ಆ ಊರಿನಲ್ಲಿ ಸಂಜೆ ಕೇಬಲ್ ಟಿ.ವಿ.ಯ ಕೆಳಪಟ್ಟಿಯಲ್ಲಿ ಆನೆ ಇರುವ ಜಾಗ ಹರಿಯುತ್ತಿತ್ತು. 2011ರಿಂದ ಎಸ್‌ಎಂಎಸ್ ಬಂತು. ಕಂಬದ ಮೇಲೆ ಕೆಂಪು ದೀಪ ಬಂತು. ದೀಪದೊಳಗೊಂದು ಸಿಮ್ ಕಾರ್ಡು. ಆನೆ ಕಂಡವರು ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ದೀಪ ಮಿನುಗತೊಡಗುತ್ತದೆ, ದಾರಿಯಲ್ಲಿ ಬರುವವರು ದೂರದಲ್ಲೇ ನಿಲ್ಲುತ್ತಾರೆ. ಇದನ್ನು ರೂಪಿಸಿದ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವ್ಹಿಟ್ಲಿ ಪ್ರಶಸ್ತಿ ಸಿಕ್ಕಿತು. ಅದೇ ಬಳಗ ಅರಣ್ಯ ಇಲಾಖೆಯ ಜೊತೆ ಹಾಸನಕ್ಕೂ ಬಂತು. ಕನ್ನಡದ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಡಿಜಿಟಲ್ ಫಲಕಗಳು ಆಲೂರು, ಸಕಲೇಶಪುರದ ದಾರಿಗಳಿಗೆ ಬಂದವು. ಆ್ಯಪು ಡೌನ್‌ಲೋಡ್ ಮಾಡಿ, ಪಾಸ್‌ವರ್ಡ್ ಇಡಿ, ಲೊಕೇಶನ್ ಆನ್ ಮಾಡಿ ಎಂಬ ಯಾವ ತಾಪತ್ರಯವೂ ಇಲ್ಲ. ಬಟನ್ ಫೋನಿನ ಅಜ್ಜಿಗೂ ಬರುತ್ತದೆ.

ಇಲಾಖೆಯ ಮೆಸೇಜಿಗೂ ಊರವರ ಮೆಸೇಜಿಗೂ ಧಾಟಿ ಬೇರೆ. ಒಂದು ಗ್ರಾಮ, ಸಮಯ, ಸಂಖ್ಯೆ ಹೇಳಿ ಎಚ್ಚರಿಕೆಯಿಂದಿರಲು ಕೋರುತ್ತದೆ. ಇನ್ನೊಂದು ಏದುಸಿರಿನಲ್ಲಿ ಮಾತಾಡುತ್ತದೆ: ‘ಲೈನ್ ಮನೆ ಹಿಂದುಗಡೆ ಒಂಟಿ ಐತೆ ಕಣ್ರೋ, ಹೆಣ್ಣಾಳುಗಳ್ನ ಈ ಕಡೆ ಕಳಿಸ್ಬ್ಯಾಡಿ, ಜೀಪಲ್ಲೇ ಬನ್ನಿ.’ ಹಿಂದೆ ನಾಯಿ ಬೊಗಳುವುದು, ಕೊಂಬೆ ಮುರಿಯುವುದು ಕೇಳಿಸುತ್ತದೆ. ನಂಬಿಕೆ ಈ ಎರಡನೆಯದಕ್ಕೇ ಹೆಚ್ಚು, ಹೇಳಿದವರು ಯಾರೆಂದು ಗೊತ್ತಿರುತ್ತದಲ್ಲ. ಜೊತೆಗೆ ಯಾವುದೋ ಕಾಲದ, ಯಾವುದೋ ರಾಜ್ಯದ ಆನೆಯ ವಿಡಿಯೊವನ್ನು ‘ಈಗ ತಾನೇ ಮಗ್ಗೆ ರಸ್ತೇಲಿ’ ಎಂದು ಹರಿಬಿಡುವ ಪುಣ್ಯಾತ್ಮರೂ ಇರುತ್ತಾರೆ. ಅಂಥವರನ್ನು ಅಡ್ಮಿನ್ ಗುಂಪಿನಿಂದ ಎತ್ತಿ ಹೊರಗೆ ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆನೆಗಳಿಗೆ ಹೆಸರುಗಳೂ ಇವೆ. ಭೀಮ, ಕ್ಯಾಪ್ಟನ್, ಬೀಟಮ್ಮನ ಗುಂಪು. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಇದೆ, ಗುಂಪು ಹೆಣ್ಣಿನ ಹಿಂದೆಯೇ ಹೋಗುವುದರಿಂದ ಒಂದಕ್ಕೆ ಕಟ್ಟಿದರೆ ಎಲ್ಲವೂ ಎಲ್ಲಿವೆಯೆಂದು ತಿಳಿಯುತ್ತದೆ. ಕೊರಳಿನ ಯಂತ್ರ ಉಪಗ್ರಹಗಳಿಂದ ತನ್ನ ಜಾಗ ತಿಳಿದುಕೊಂಡು ಕೆಲವು ತಾಸುಗಳಿಗೊಮ್ಮೆ ವರದಿ ಕಳಿಸುತ್ತದೆ. ಪರದೆಯ ಮೇಲೆ ಒಂದು ಚುಕ್ಕೆ ಜರುಗುತ್ತದೆ. ಆ ಚುಕ್ಕೆಯನ್ನು ಅಲ್ಲಿ ಕೂರಿಸುವ ಕೆಲಸ ಎಂಥದ್ದೆಂದು ಇಡೀ ರಾಜ್ಯಕ್ಕೆ ತಿಳಿದದ್ದು 2023ರ ಡಿಸೆಂಬರ್ 4ರಂದು. ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆಗೆ ಕಾಲರ್ ತೊಡಿಸುವ ಕಾರ್ಯಾಚರಣೆಗೆ ಹೋಗಿದ್ದ ಅರ್ಜುನ, ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ, ಒಂಟಿ ಸಲಗದ ಜೊತೆ ಕಾದಾಡಿ ಅಲ್ಲೇ ಬಿದ್ದ. 2025ರ ಮಾರ್ಚಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ‘ಕೆ.ಪಿ. ಟ್ರ್ಯಾಕರ್’ ಎಂಬ ದೇಶಿ ಕಾಲರ್ ಬಿಡುಗಡೆ ಮಾಡಿದರು. ವಿದೇಶದಿಂದ ತರಿಸುವ ಕಾಲರಿಗಿಂತ ಅದು ಹಗುರ, ಬೆಲೆಯೂ ಬಹಳ ಕಡಿಮೆ. ಆನೆಗೆ ಹತ್ತಿರ ಹೋಗಿ ಕಟ್ಟುವ ಕೆಲಸ ಹಗುರವಾಗಿಲ್ಲ.

ಇಷ್ಟೆಲ್ಲ ಹೇಳುವಾಗ ಸಿಗ್ನಲ್ ಇದೆ ಎಂದೇ ಇಟ್ಟುಕೊಂಡದ್ದಾಯಿತು. ಅದು ಇದ್ದರೆ ತಾನೆ! ಪ್ರತಿ ಮನೆಗೂ ಒಂದು ‘ಟವರ್ ಸಿಗುವ ಜಾಗ’ ಇರುತ್ತದೆ: ಕಣದ ತುದಿ, ಹಟ್ಟಿಯ ಹಿಂದಿನ ದಿಣ್ಣೆ, ಅಡುಗೆಮನೆ ಕಿಟಕಿಯ ಬಲಬದಿ. ನೆಂಟರು ಬಂದರೆ ಬಚ್ಚಲುಮನೆ ತೋರಿಸಿದ ಮೇಲೆ ತೋರಿಸುವುದು ಅದನ್ನೇ. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಮನೆಯ ಯುಪಿಎಸ್ ಮೊದಲ ದಿನ ಸಾಯುತ್ತದೆ, ಟವರಿನ ಬ್ಯಾಟರಿ ಅದರ ಹಿಂದೆಯೇ ಹೋಗುತ್ತದೆ. ಫೋನು ಚಾರ್ಜಿಗೆ ಜೀಪೇ ಗತಿ. ಪಡಿತರಕ್ಕೆ ಬೆರಳೊತ್ತುವ ಯಂತ್ರವನ್ನು ಹಿಡಿದುಕೊಂಡು ಗುಡ್ಡ ಹತ್ತಿದ ಸುದ್ದಿ ಮಲೆನಾಡಿನ ಪತ್ರಿಕಾ ಪುಟಗಳಲ್ಲಿ ಆಗಾಗ ಬರುತ್ತದೆ. ಹತ್ತಿದ ಮೇಲೂ ಕಾಫಿ ಕುಯ್ದು, ಕಳೆ ಕಿತ್ತು ಸವೆದ ಬೆರಳಿನ ಗೆರೆಯನ್ನು ಯಂತ್ರ ಗುರುತಿಸಬೇಕು. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕೆಲಸಕ್ಕೂ ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ಫೋಟೊ ಕಡ್ಡಾಯವಾಯಿತು. ಫೋಟೊ ತೆಗೆಯಲು ಬೆಳಕಿದ್ದರೂ ಕಳಿಸಲು ಟವರ್ ಬೇಕಲ್ಲ. ಇಂಥ ನಿಯಮ ಬರೆಯುವವರನ್ನು ಆಷಾಢದಲ್ಲಿ ಒಂದು ವಾರ ಹೆತ್ತೂರಿನ ಆಚೆ ಇಟ್ಟುಕೊಂಡು ಊಟ ಹಾಕಿ ಕಳಿಸಬೇಕು ಎಂದು ಇಲ್ಲಿಯವರು ಹೇಳುವುದರಲ್ಲಿ ಸಿಟ್ಟಿಗಿಂತ ಆತಿಥ್ಯವೇ ಹೆಚ್ಚು.

ಮಧ್ಯಾಹ್ನದ ಊಟವಾಗುತ್ತಿದ್ದಂತೆ ಲಂಡನ್ ತೆರೆಯುತ್ತದೆ. ಅಲ್ಲಿನ ಬೇಸಿಗೆಯಲ್ಲಿ ನಮ್ಮ ಒಂದೂವರೆಗೆ, ಚಳಿಗಾಲದಲ್ಲಿ ಎರಡೂವರೆಗೆ. ರೋಬಸ್ಟಾದ ವಾಯಿದೆ ವ್ಯಾಪಾರ ನಡೆಯುವುದು ಅಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಒಂದು ವಾಯಿದೆಗೆ ಹತ್ತು ಟನ್ ಲೆಕ್ಕದ ಆ ಮಾರುಕಟ್ಟೆಯಲ್ಲಿ ಎರಡೆಕರೆಯವರಿಗೆ ಕೆಲಸವೇನೂ ಇಲ್ಲ, ಆದರೂ ಕೆಂಪು ಹಸಿರು ಗೆರೆಯನ್ನು ನೋಡದೆ ಇರಲಾರರು. 2024ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಕಾಫಿ ಮಾರಿ ಮುಗಿಸಿದ್ದವರ ಮುಖ ನೋಡಲಾಗುತ್ತಿರಲಿಲ್ಲ. ಸಂಜೆಗೆ ವ್ಯಾಪಾರಿಗಳ ಪಟ್ಟಿ ಬರುತ್ತದೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ಚೆರಿಗೆ ಔಟ್‌ಟರ್ನ್ ಲೆಕ್ಕ, ಅಂದರೆ ಒಣ ಚೆರಿಯಿಂದ ಸಿಗುವ ಬೀಜದ ಲೆಕ್ಕ. ಹಿಂದೆ ರೇಟು ತಿಳಿಯಲು ಪೇಟೆಗೆ ಹೋಗಬೇಕಿತ್ತು, ಹೋದವರು ವ್ಯಾಪಾರಿಯ ಮಾತೇ ನಂಬಬೇಕಿತ್ತು. ಈಗ ನಾಲ್ಕು ಅಂಗಡಿಯ ಪಟ್ಟಿಯನ್ನು ಒಟ್ಟಿಗೆ ನೋಡಿ, ಐದನೆಯವರಿಗೆ ಫೋನು ಮಾಡಿ ಚೌಕಾಸಿ ಮಾಡುತ್ತಾರೆ. ಮೊಬೈಲಿನಿಂದ ಈ ಗುಡ್ಡಗಳಿಗೆ ನೇರವಾಗಿ ಕಾಸು ಬಂದದ್ದು ಎಲ್ಲಿಯಾದರೂ ಇದ್ದರೆ ಇಲ್ಲಿಯೇ.

ಸಲಹೆಯೂ ಫೋನಿನಲ್ಲೇ ಬರುತ್ತದೆ. ಕಾಫಿ ಮಂಡಳಿ 2018ರ ಡಿಸೆಂಬರಿನಲ್ಲಿ ‘ಕಾಫಿ ಕೃಷಿ ತರಂಗ’ ಶುರು ಮಾಡಿತು. ಮೊದಲ ಹಂತದಲ್ಲಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರಿಗೆ. ಮರುವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಕಟ್ಟಿದ ಸಂಸ್ಥೆಯೊಂದು ಅದರ ಹಿಂದಿತ್ತು. ಬೋರರ್ ಹುಳುವಿಗೆ ಏನು ಮಾಡಬೇಕು, ಸುಣ್ಣ ಯಾವಾಗ ಹಾಕಬೇಕು, ಎಲ್ಲ ಧ್ವನಿಯಲ್ಲಿ, ಕನ್ನಡದಲ್ಲಿ. ಪಕ್ಕದ ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡಬೇಕೆಂದು ವರ್ಷಗಟ್ಟಲೆ ಜಗಳವಾಡಿದರು. ಅಕ್ಷರದ ಆ ತೊಡಕು ಬಹಳ ಮಟ್ಟಿಗೆ ಬಿಡಿಸಿಕೊಂಡಿತು. ತೋಟದ ಗುಂಪುಗಳು ಅಷ್ಟರಲ್ಲಿ ಅಕ್ಷರವನ್ನೇ ದಾಟಿ, ಮೈಕಿನ ಗುರುತು ಒತ್ತಿಹಿಡಿದು ಮಾತಾಡತೊಡಗಿವೆ. ಮಣ್ಣಾದ ಹೆಬ್ಬೆರಳಿಗೆ ಅದೇ ಸಲೀಸು.

ರೈಟರ ಕೈಯಲ್ಲಿದ್ದ, ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ ಕೆಲವು ತೋಟಗಳಲ್ಲಿ ಎಕ್ಸೆಲ್ಲಿಗೆ ಹೋಗಿದೆ. ಆಳುಗಳೂ ಬದಲಾಗಿದ್ದಾರೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ವಾರದ ಕೂಲಿ ಯುಪಿಐನಲ್ಲಿ ಬಂದು, ಅಷ್ಟೇ ಬೇಗ ಊರಿನ ಅಪ್ಪನ ಖಾತೆಗೆ ಹೊರಡುತ್ತದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ಅಸ್ಸಾಮಿ 2022ರ ಮೇ ತಿಂಗಳಲ್ಲಿ. ಆದರೂ ಚಿಗುರು ತೆಗೆಯುವ ಕೆಲಸವನ್ನು ಯಾವ ಆ್ಯಪೂ ಹೇಳಿಕೊಡುವುದಿಲ್ಲವೆಂದು ಮೇಸ್ತ್ರಿಗಳು ಬೇಗ ಕಂಡುಕೊಂಡರು. ಒಂದು ಗಿಡ ತಾವೇ ಮಾಡಿ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಎರಡು ಫೋಟೊ ತೆಗೆದು ತೋರಿಸುತ್ತಾರೆ, ಉಳಿದ ಸಾಲೆಲ್ಲ ಹಾಗೇ ಆಗುತ್ತದೆ.

ಶನಿವಾರ ಭಾನುವಾರ ಬೇರೆಯೇ ಜಾತಿಯ ಫೋನುಗಳು ಗುಡ್ಡ ಏರುತ್ತವೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರವೆಂಬುದು ನೆಲದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಡ್ರೋನು ಬಂದ ಮೇಲೆ ಅದರ ಭಾಗ್ಯ ತೆರೆಯಿತು. ದೋಣಿಗಾಲಿನಿಂದ ಯಡಕುಮೇರಿಗೆ ರೈಲು ಹಳಿಯ ಮೇಲೆ ನಡೆಯುವುದನ್ನು ರೈಲ್ವೆ ನಿಷೇಧಿಸಿದ್ದರೂ ರೀಲ್ಸುಗಳು ನಿಂತಿಲ್ಲ. ಸಾಲು ಸುರಂಗಗಳ ಆ ದಾರಿಯಲ್ಲಿ ಫೋನಿನ ಟಾರ್ಚಿಗೆ ಮಾತ್ರ ಕೆಲಸ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಶಿರಾಡಿ ಘಾಟಿ ಮುಚ್ಚಿದಂಥ ದಿನಗಳಲ್ಲಿ ನಕ್ಷೆಯ ನೀಲಿ ಗೆರೆ ನಂಬಿ ಬಂದ ಕಾರುಗಳು ತೋಟದ ಗೇಟಿನ ಮುಂದೆ ನಿಂತು ಹಾರ್ನ್ ಮಾಡುತ್ತವೆ. ರೈಟರು ಹೊರಗೆ ಬಂದು, ಹಿಂದಕ್ಕೆ ಹೋಗಿ ಎಡಕ್ಕೆ ತಿರುಗಿ ಎಂದು ಕೈ ತೋರಿಸುವ ಕೆಲಸವೂ ಈಗ ಅವರ ನೌಕರಿಯ ಭಾಗ.

ನಕ್ಷೆಯ ಜಗಳ ಊರೊಳಗೂ ಉಂಟು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯ ಕೇಂದ್ರದ ‘ದಿಶಾಂಕ್’ ಆ್ಯಪು 2018ರಲ್ಲಿ ಬಂದ ಮೇಲೆ, ನಿಂತ ಜಾಗದ ಸರ್ವೆ ನಂಬರು ಫೋನಿನಲ್ಲೇ ಕಾಣುತ್ತದೆ. ಬಯಲುಸೀಮೆಯಲ್ಲಿ ಇದು ವರ. ಸಿಲ್ವರ್ ಓಕ್, ಅತ್ತಿ, ಹಲಸಿನ ದಟ್ಟ ನೆರಳಿನ ಕೆಳಗೆ ಉಪಗ್ರಹದ ಸಂಕೇತ ಎಲೆಗಳಲ್ಲಿ ಸಿಕ್ಕಿಕೊಂಡು ಹತ್ತಾರು ಅಡಿ ಆಚೀಚೆ ಆಗುತ್ತದೆ. ಕೆಳಗಿರುವ ನಕ್ಷೆಯೋ, ಸರಪಳಿ ಎಳೆದು ಅಳೆದ ಕಾಲದ್ದು. ಪಾಳ್ಯ ಹೋಬಳಿಯಂಥ ಕಡೆ ಅಕ್ಕಪಕ್ಕದ ಇಬ್ಬರು ಒಂದೇ ಬೇಲಿಯ ಎರಡು ಬದಿಯಲ್ಲಿ ನಿಂತು ಫೋನು ತೆರೆದರೆ, ಇವರ ಫೋನು ಇವರನ್ನು ಅವರ ನಂಬರಿನಲ್ಲಿ ನಿಲ್ಲಿಸುತ್ತದೆ, ಅವರದ್ದು ಅವರನ್ನು ಹಳ್ಳದ ಖರಾಬಿನಲ್ಲಿ. ಕೊನೆಗೆ ಹದ್ದುಬಸ್ತಿಗೆ ಅರ್ಜಿ. ಅದೂ ಸರ್ವೆ ಇಲಾಖೆಯ ‘ಮೋಜಿಣಿ’ ತಂತ್ರಾಂಶದ ಮೂಲಕವೇ. ಅರ್ಜಿ ಸಂಖ್ಯೆ ಮೊಬೈಲಿಗೆ ಬರುತ್ತದೆ, ಸರ್ವೆಯರು ಬರುವುದು ಸರದಿ ಬಂದಾಗ. ಅಷ್ಟರೊಳಗೆ ಬೇಲಿಯ ಮೇಲಿನ ಮರಕ್ಕೆ ಹಬ್ಬಿಸಿದ ಮೆಣಸು ಕುಯ್ಲಿಗೆ ಬಂದಿರುತ್ತದೆ. ಏಣಿ ಇವರದ್ದು, ಆಳು ಅವರದ್ದು, ಮೆಣಸು ಈ ವರ್ಷಕ್ಕೆ ಅರ್ಧರ್ಧ.